ರೂಟರ್ ಸುಟ್ಟರೂ ಸೆಟ್ಟಿಂಗ್ ಉಳಿಯಲಿ

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಬೆಲೆ ತೀರ್ಮಾನವಾಗುವುದು ಆನ್‌ಲೈನ್ ಟೆಂಡರಿನಲ್ಲಿ. ದಂಡಿನಶಿವರದಂಥ ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಪಹಣಿ, ಜಾತಿ-ಆದಾಯ ಪತ್ರ ಸಿಗಬೇಕಾದರೂ ನೆಟ್‌ವರ್ಕ್ ಇರಬೇಕು. ಈ ಸೀಮೆಯ ತೋಟದ ಮನೆಗಳಿಗೆ ಫೈಬರ್ ಎಳೆದಿರುವ ಕೇಬಲ್ ಆಪರೇಟರಿಗೆ ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನ ಮಳೆಯೇ ದೊಡ್ಡ ಭಯ. ಸುಟ್ಟ ರೂಟರಿಗೆ ಬದಲಿ ಪೆಟ್ಟಿಗೆಯನ್ನು ತುಮಕೂರಿನಿಂದಲೋ ಬೆಂಗಳೂರಿನಿಂದಲೋ ತರಿಸಬಹುದು. ಯಾವ ಗ್ರಾಹಕರಿಗೆ ಯಾವ ಪಾಸ್‌ವರ್ಡ್, ಎಷ್ಟು ವೇಗ, ಯಾವ ಫೈರ್‌ವಾಲ್ ನಿಯಮ ಎಂಬ ಲೆಕ್ಕವನ್ನು ಮಾತ್ರ ಯಾವ ಅಂಗಡಿಯೂ ಮಾರುವುದಿಲ್ಲ. ಹಾಗಾಗಿ ಕಾಪಾಡಬೇಕಾದ್ದು ಪೆಟ್ಟಿಗೆಗಿಂತ ಮೊದಲು ಅದರೊಳಗಿನ ಬರಹವನ್ನು.

‘ಪೆನ್‌ಡ್ರೈವಿನಲ್ಲಿ ಒಂದು ಕಾಪಿ ಇದೆಯಲ್ಲ’ ಎನ್ನುವವರುಂಟು. ಆ ಕಾಪಿ ತೆಗೆದ ದಿನದ ಮಟ್ಟಿಗೆ ಸರಿ. ಆಮೇಲೆ ಸೇರಿದ ಒಬ್ಬೊಬ್ಬ ಗ್ರಾಹಕರೂ ಅದನ್ನು ಹಳತು ಮಾಡುತ್ತಾ ಹೋಗುತ್ತಾರೆ. ಕೈಯಿಂದ ಮಾಡುವ ಕೆಲಸ ಬಿಡುವಿಲ್ಲದ ದಿನವೇ ತಪ್ಪಿಹೋಗುತ್ತದೆ, ಸೆಟ್ಟಿಂಗ್ ಹೆಚ್ಚು ಬದಲಾಗುವುದೂ ಅಂಥ ದಿನವೇ. ಆದ್ದರಿಂದ ಇದನ್ನು ಯಂತ್ರಕ್ಕೇ ಒಪ್ಪಿಸಬೇಕು. ಇದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ. ಮೂಲೆಗೆ ಸೇರಿದ ಹಳೆಯದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದರೆ ಸಾಕು.

ಸಣ್ಣ ಆಪರೇಟರುಗಳು ಬಳಸುವ ಮೈಕ್ರೋಟಿಕ್ ರೂಟರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ರೂಟರಿನಲ್ಲಿ ಬ್ಯಾಕಪ್ಪಿಗೆಂದೇ ಬೇರೆ ಯೂಸರ್ ಮಾಡಿ, ಸೆಟ್ಟಿಂಗನ್ನು ಪಾಸ್‌ವರ್ಡ್ ಸಮೇತ ಓದುವುದಕ್ಕೆ ಬೇಕಾದಷ್ಟೇ ಅನುಮತಿ ಕೊಡಿ. ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್ ಕೀ ಜೋಡಿ ತಯಾರಿಸಿ, ಸಾರ್ವಜನಿಕ ಕೀಯನ್ನು ರೂಟರಿಗೆ ಸೇರಿಸಿ, ಒಮ್ಮೆ ಕೈಯಾರೆ ಲಾಗಿನ್ ಆಗಿ ರೂಟರಿನ ಗುರುತನ್ನು ಒಪ್ಪಿಕೊಳ್ಳಿ. ನಂತರ ಒಂದು ಪುಟ್ಟ ಸ್ಕ್ರಿಪ್ಟ್: ಎಸ್‌ಎಸ್‌ಎಚ್ ಮೂಲಕ ‘ಎಕ್ಸ್‌ಪೋರ್ಟ್’ ಆದೇಶ ಕೊಟ್ಟು, ಬಂದದ್ದನ್ನು ತಾತ್ಕಾಲಿಕ ಫೈಲಿಗೆ ಬರೆಯಬೇಕು, ಅದು ಖಾಲಿ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹಳೆಯ ಫೈಲಿನ ಜಾಗಕ್ಕೆ ತರಬೇಕು. ಈ ಪರೀಕ್ಷೆ ಬಿಟ್ಟರೆ, ಲಿಂಕ್ ಬಿದ್ದ ರಾತ್ರಿ ಖಾಲಿ ಫೈಲು ಒಳ್ಳೆಯದನ್ನು ನುಂಗಿಬಿಡುತ್ತದೆ. ಮೈಕ್ರೋಟಿಕ್‌ನ ಕಾರ್ಯಾಚರಣಾ ವ್ಯವಸ್ಥೆ ರೂಟರ್‌ಓಎಸ್ 7ರಲ್ಲಿ ಎಕ್ಸ್‌ಪೋರ್ಟ್ ತಾನಾಗಿ ಪಾಸ್‌ವರ್ಡ್‌ಗಳನ್ನು ಮರೆಮಾಡುತ್ತದೆ. ‘ಶೋ-ಸೆನ್ಸಿಟಿವ್’ ಸೇರಿಸದಿದ್ದರೆ ಗ್ರಾಹಕರ ಪಾಸ್‌ವರ್ಡ್‌ಗಳಿಲ್ಲದ ಟೊಳ್ಳು ಬ್ಯಾಕಪ್ ಸಿಗುತ್ತದೆ. ಇನ್ನೊಂದು ಸೂಕ್ಷ್ಮ: ಎಕ್ಸ್‌ಪೋರ್ಟ್ ಫೈಲಿನ ಮೊದಲ ಸಾಲಿನಲ್ಲಿ ದಿನಾಂಕ, ಸಮಯ ಇರುತ್ತದೆ. ಅದನ್ನು ಸ್ಕ್ರಿಪ್ಟಿನಲ್ಲೇ ಅಳಿಸಿ, ಉಳಿದದ್ದನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಒಪ್ಪಿಸಿ. ಆಗ ನಿಜವಾಗಿ ಬದಲಾದ ಸಾಲು ಮಾತ್ರ ಕಾಣುತ್ತದೆ. ನಿನ್ನೆ ಇದ್ದ ಇಂಟರ್ನೆಟ್ ಇವತ್ತೇಕೆ ಇಲ್ಲ ಎಂದು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಕೊನೆಗೆ ಲಿನಕ್ಸ್‌ನ ವೇಳಾಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿ ‘30 2 * * *’ ಎಂದು ಬರೆದು ಮುಂದೆ ಸ್ಕ್ರಿಪ್ಟಿನ ಹೆಸರು ಕೊಟ್ಟರೆ, ದಿನವೂ ರಾತ್ರಿ ಎರಡೂವರೆಗೆ ಕೆಲಸ ನಡೆಯುತ್ತದೆ. ಹತ್ತಾರು ಬಗೆಯ ಸಾಧನಗಳಿದ್ದರೆ ಇದನ್ನೆಲ್ಲ ಸಿದ್ಧವಾಗಿಯೇ ಕೊಡುವ ಆಕ್ಸಿಡೈಸ್ಡ್, ರ‍್ಯಾನ್ಸಿಡ್ ಎಂಬ ಉಚಿತ ತಂತ್ರಾಂಶಗಳಿವೆ.

ಎಲ್ಲ ಪಾಸ್‌ವರ್ಡ್ ಒಂದೇ ಕಡೆ ಇಡುವುದು ಅಪಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಫೋಲ್ಡರಿನ ಅನುಮತಿ 700 (ಮಾಲೀಕರಿಗೆ ಮಾತ್ರ) ಇರಲಿ, ಆ ಕಂಪ್ಯೂಟರ್ ಹೊರಗಿನ ಇಂಟರ್ನೆಟ್ಟಿಗೆ ಕಾಣದಿರಲಿ. ಎರಡನೇ ಕಾಪಿಯನ್ನು ಬೇರೆ ಕಟ್ಟಡದಲ್ಲಿಡಿ: ಒಂದೇ ಕರೆಂಟ್ ಲೈನಿನಲ್ಲಿದ್ದರೆ ಒಂದೇ ಸಿಡಿಲು ರೂಟರನ್ನೂ ಬ್ಯಾಕಪ್ಪನ್ನೂ ಸುಡಬಹುದು. ರೂಟರಿನ ಸ್ವಂತ ಲಾಗಿನ್ ಪಾಸ್‌ವರ್ಡ್ ಮತ್ತು ಸರ್ಟಿಫಿಕೇಟುಗಳು ಎಕ್ಸ್‌ಪೋರ್ಟಿನಲ್ಲಿ ಬರುವುದೇ ಇಲ್ಲ. ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಸರ್ಟಿಫಿಕೇಟುಗಳ ಪ್ರತಿಯನ್ನು ಪ್ರತ್ಯೇಕವಾಗಿ ತೆಗೆದಿಡಿ.