ವಿಂಗಡಿಸುವ ಕೈಗೆ ಸಲ್ಲುವ ಪೊಟ್ಟಣ

ಪೊಟ್ಟಣವೊಂದು ಮರುಬಳಕೆಗೆ ಯೋಗ್ಯವೇ ಎಂಬುದು ಅದನ್ನು ತಯಾರಿಸಿದ ವಸ್ತುವಿನಿಂದಷ್ಟೇ ತೀರ್ಮಾನವಾಗುವುದಿಲ್ಲ. ಎಸೆದ ಮೇಲೆ ಅದನ್ನು ಎತ್ತಿಕೊಂಡವರಿಗೆ ಅದು ಏನೆಂದು ಗುರುತು ಸಿಗಬೇಕು, ಗುಜರಿಯಲ್ಲಿ ಅದಕ್ಕೆ ಬೆಲೆಯೂ ಇರಬೇಕು. ಪೊಟ್ಟಣ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡ ಈ ಲೇಖಕನಿಗೆ ಇದು ಮನದಟ್ಟಾದದ್ದು ವಿನ್ಯಾಸದ ಪಠ್ಯಗಳಿಂದಲ್ಲ, ಬೆಂಗಳೂರಿನ ವಾರ್ಡುಗಳಲ್ಲಿರುವ ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ನಡೆಯುವ ವಿಂಗಡಣೆಯನ್ನು ನೋಡಿದ್ದರಿಂದ.

ಅಲ್ಲಿ ಕಲಿಯಲು ಸಿಗುವ ಅತ್ಯುತ್ತಮ ಪಾಠ ಹಾಲಿನ ಕವರಿನದು. ಅದರ ಹಾಳೆಯಲ್ಲಿ ಒಂದಕ್ಕಿಂತ ಹೆಚ್ಚು ಪದರಗಳಿದ್ದರೂ ಅವೆಲ್ಲವೂ ಪಾಲಿಎಥಿಲೀನ್ ಎಂಬ ಒಂದೇ ಪ್ಲಾಸ್ಟಿಕ್ ಕುಟುಂಬಕ್ಕೆ ಸೇರಿರುವುದರಿಂದ ಕರಗಿಸಿ ಮತ್ತೆ ಕಾಳು ಮಾಡಬಹುದು. ಮನೆಮನೆಗೆ ದಿನವೂ ಬರುವ ವಸ್ತುವಾದ್ದರಿಂದ ಅದರ ಗುರುತು ಯಾರಿಗೂ ತಪ್ಪುವುದಿಲ್ಲ. ತೊಳೆದು ಒಣಗಿಸಿದ್ದರೆ ಗುಜರಿಯವರು ತೂಕ ಮಾಡಿ ಕೊಳ್ಳುತ್ತಾರೆ. ಆದರೆ ಹಾಲು ಸುರಿಯಲು ಕತ್ತರಿಸುವ ಮೂಲೆಯ ಚೂರು ಇಡೀ ಕವರಿನಿಂದ ಬೇರ್ಪಟ್ಟರೆ ಆಯುವವರ ಬೆರಳಿಗೆ ಸಿಗದಷ್ಟು ಸಣ್ಣದಾಗಿ, ಹಸಿ ಕಸದೊಡನೆಯೋ ಚರಂಡಿಯ ನೀರಿನೊಡನೆಯೋ ಹೋಗಿಬಿಡುತ್ತದೆ. ಒಳಗುಳಿದ ನಾಲ್ಕು ಹನಿ ಹಾಲು ಹುಳಿತು ನಾರಿದರೆ ಪಕ್ಕದ ಕವರುಗಳ ಬೆಲೆಯೂ ಇಳಿಯುತ್ತದೆ. ಮೂಲೆ ಪೂರ್ತಿ ತುಂಡಾಗದೆ ಅಂಟಿಕೊಂಡಿರುವಂತೆ ಎಲ್ಲಿಯವರೆಗೆ ಕತ್ತರಿಸಬೇಕೆಂದು ಗೆರೆ ಮುದ್ರಿಸುವುದು, ‘ತೊಳೆದು ಒಣಗಿಸಿ ಕೊಡಿ’ ಎಂಬ ಮಾತನ್ನು ಆ ಗೆರೆಯ ಪಕ್ಕದಲ್ಲೇ ಕನ್ನಡದಲ್ಲಿ ಕಾಣಿಸುವುದು, ಇವಕ್ಕೆ ಮುದ್ರಣದ ಅಚ್ಚನ್ನು ಬದಲಿಸುವುದರ ಆಚೆಗೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ.

ಚಿಪ್ಸ್ ಪೊಟ್ಟಣ ಇದಕ್ಕೆ ತದ್ವಿರುದ್ಧ. ಭಿನ್ನ ಪ್ಲಾಸ್ಟಿಕ್‌ಗಳ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನಡುವೆ ಅಲ್ಯೂಮಿನಿಯಂ ಲೇಪ ಕೊಟ್ಟ ಇಂಥದನ್ನು ಬಹುಪದರ ಪೊಟ್ಟಣ ಎನ್ನುತ್ತಾರೆ. ಅದು ತೇವವನ್ನೂ ಗಾಳಿಯನ್ನೂ ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಪದರಗಳನ್ನು ಲಾಭಕರವಾಗಿ ಬಿಡಿಸುವ ದಾರಿ ಸಾಮಾನ್ಯ ಮರುಬಳಕೆ ಘಟಕಗಳಲ್ಲಿಲ್ಲ. ಕೆಲವೇ ಗ್ರಾಂ ತೂಗುವ ಅದನ್ನು ಆಯ್ದವರಿಗೆ ಕೂಲಿಯೂ ಹುಟ್ಟುವುದಿಲ್ಲ. ಸಂಗ್ರಹವಾದದ್ದರಲ್ಲಿ ಬಹುಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುತ್ತದೆ, ಅದನ್ನು ಮರುಬಳಕೆ ಎಂದು ಕರೆಯುವುದು ಸರಿಯಲ್ಲ.

ನೀರಿನ ಬಾಟಲಿಯ ವಿಷಯದಲ್ಲಿ ಪ್ರಶ್ನೆ ಸಾಂದ್ರತೆಯದು. ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ ಇರುವುದರಿಂದ ಪುಡಿಮಾಡಿ ತೊಟ್ಟಿಗೆ ಹಾಕಿದಾಗ ಅದು ಮುಳುಗುತ್ತದೆ, ಮುಚ್ಚಳದ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ತೇಲುತ್ತದೆ. ಹೀಗೆ ನೀರೇ ಎರಡನ್ನೂ ಬೇರ್ಪಡಿಸಿಕೊಡುತ್ತದೆ. ಬಾಟಲಿಗೆ ಪಿವಿಸಿಯ ಕವಚ ತೊಡಿಸಿದರೆ ಈ ಸೌಕರ್ಯ ತಪ್ಪುತ್ತದೆ, ಏಕೆಂದರೆ ಅದೂ ಮುಳುಗುತ್ತದೆ, ಪೆಟ್ ಕರಗುವ ಬಿಸಿಯಲ್ಲಿ ಆಮ್ಲ ಬಿಟ್ಟು ಇಡೀ ರಾಶಿಯನ್ನು ಕೆಡಿಸುತ್ತದೆ. ಬಣ್ಣದ ಬಾಟಲಿಗಿಂತ ಬಣ್ಣವಿಲ್ಲದ ಬಾಟಲಿಗೆ ಹೆಚ್ಚು ಬೆಲೆ ಸಿಗುವುದೂ, ಇಂಗಾಲದ ಪುಡಿ ಬೆರೆಸಿದ ಕಪ್ಪು ಡಬ್ಬಿಗಳನ್ನು ಅವಗೆಂಪು ಬೆಳಕಿನಿಂದ ವಿಂಗಡಿಸುವ ಯಂತ್ರಗಳು ಸಾಮಾನ್ಯವಾಗಿ ಗುರುತಿಸಲಾರದಿರುವುದೂ ವಿನ್ಯಾಸಕಾರರು ಬಣ್ಣ ಆರಿಸುವಾಗಲೇ ನೆನಪಿಡಬೇಕಾದ ಸಂಗತಿಗಳು.

ಪರಿಸರಸ್ನೇಹಿ ಎಂದು ತೋರಿಸಿಕೊಳ್ಳುವ ಪೊಟ್ಟಣಗಳು ತರುವ ತೊಡಕು ಇನ್ನೂ ಗಂಭೀರವಾದದ್ದು. ಕಂದು ಕಾಗದದ ಹೊರಮೈಯ ಒಳಗೆ ಪ್ಲಾಸ್ಟಿಕ್ ಪದರ ಅಂಟಿಸಿದ ಚೀಲವನ್ನು ಗ್ರಾಹಕರು ಕಾಗದವೆಂದೇ ನಂಬಿ ಹಾಕುತ್ತಾರೆ. ಸಸ್ಯದ ಸಕ್ಕರೆಯಿಂದ ಮಾಡುವ ಪಿಎಲ್ಎ ಎಂಬ ಪ್ಲಾಸ್ಟಿಕ್ ನೋಡಲು ಪೆಟ್‌ನಂತೆಯೇ ಇದ್ದು ಅದರ ರಾಶಿಗೆ ಬೆರೆಯುತ್ತದೆ. ಗೊಬ್ಬರವಾಗಲು ಅದಕ್ಕೆ 60 ಡಿಗ್ರಿಯ ಆಸುಪಾಸಿನ ಬಿಸಿ ಕಾಯ್ದುಕೊಳ್ಳುವ ಘಟಕ ಬೇಕು, ಮನೆಯ ಗೊಬ್ಬರದ ಮಡಕೆ ಸಾಲದು. ಮಲೆನಾಡು, ಕರಾವಳಿಯ ಅಡಿಕೆ ಹಾಳೆಯ ತಟ್ಟೆಗೆ ಇಂಥ ಗೊಂದಲವೇ ಇಲ್ಲ, ಏಕೆಂದರೆ ಅದು ಯಾವ ಬುಟ್ಟಿಗೆ ಸೇರಬೇಕೆಂದು ನೋಡಿದವರಿಗೆಲ್ಲ ತಿಳಿಯುತ್ತದೆ. ಆ ಸ್ಪಷ್ಟತೆಯನ್ನೇ ಉಳಿದ ಪೊಟ್ಟಣಗಳಿಗೂ ತರುವುದು ವಿನ್ಯಾಸದ ಗುರಿಯಾಗಬೇಕು.

ಭಾರತದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹಾಗೂ 2022ರ ಮಾರ್ಗಸೂಚಿಗಳು ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯನ್ನು, ಅಂದರೆ ಮಾರಿದ ಪೊಟ್ಟಣದ ವಿಲೇವಾರಿಗೂ ಮಾರಿದವರೇ ಹೊಣೆ ಎಂಬ ತತ್ತ್ವವನ್ನು, ಗಟ್ಟಿಗೊಳಿಸಿವೆ. ಆದರೆ ಈ ಹೊಣೆಯನ್ನು ವರ್ಗವಾರು ತೂಕದಲ್ಲಿ ಅಳೆಯುವುದರಿಂದ, ಒಂದೇ ವರ್ಗದೊಳಗೆ ಸುಲಭವಾಗಿ ಬೇರ್ಪಡುವ ಪೊಟ್ಟಣಕ್ಕೂ ಬೇರ್ಪಡದ ಪೊಟ್ಟಣಕ್ಕೂ ಲೆಕ್ಕದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ. ಆದ್ದರಿಂದ ಕಾನೂನು ಕೇಳುವವರೆಗೆ ಕಾಯದೆ, ಹೊಸ ಪೊಟ್ಟಣದ ಮಾದರಿ ಅಂತಿಮವಾಗುವ ಮುನ್ನವೇ ತಯಾರಕರು ಅದನ್ನು ಹತ್ತಿರದ ಒಣ ಕಸ ಕೇಂದ್ರಕ್ಕೆ ಒಯ್ದು ವಿಂಗಡಿಸುವವರ ಕೈಗೆ ಕೊಡಲಿ, ಅವರ ಅಭಿಪ್ರಾಯ ಕೇಳಲಿ, ಆ ಸಮಯಕ್ಕೆ ತಕ್ಕ ಸಂಭಾವನೆಯನ್ನೂ ನೀಡಲಿ.