ಮೊದಲು ಸೆರಗು ತೋರಿಸು

ಮಗಳೇ,

‘ಅಂಗಡಿಯ ಇನ್‌ಸ್ಟಾಗ್ರಾಂ ಪೇಜು ಒಮ್ಮೆ ನೋಡಿ ಹೇಳು ಕಾಕಾ, ಲೈಕು ಬರ್ತಾವು, ಗಿರಾಕಿ ಬರವಲ್ರು’ ಅಂದಿದ್ದೆಯಲ್ಲ, ನೋಡಿದೆ. ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ. ಇಳಕಲ್ಲಿನಿಂದ ಗುಳೇದಗುಡ್ಡದವರೆಗೆ ಇದೇ ಪಾಡಿನ ಅಂಗಡಿಗಳು ಬೇಕಾದಷ್ಟಿವೆ. ಬೇಜಾರು ಮಾಡಿಕೊಳ್ಳಬೇಡ.

ಇಳಕಲ್ ಸೀರೆಯನ್ನು ಎಂದೂ ಉಡದ, ಮಂಗಳೂರಿನಲ್ಲೋ ಮಸ್ಕತ್ತಿನಲ್ಲೋ ಕೂತ ಹೆಣ್ಣುಮಗಳು ಹೇಗೆ ನೋಡಿಯಾಳೋ ಹಾಗೆ ನೋಡಿದೆ. ಮೊದಲು ಕಂಡದ್ದು ಬಸವ ಜಯಂತಿ ಶುಭಾಶಯ. ಅದರ ಕೆಳಗೆ ಯುಗಾದಿ ಶುಭಾಶಯ. ಅದರ ಕೆಳಗೆ ಕ್ರಿಕೆಟ್ ಗೆದ್ದವರಿಗೆ ಅಭಿನಂದನೆ. ಸೀರೆ ಸಿಗಬೇಕಾದರೆ ಹೆಬ್ಬೆರಳು ಸವೆಯಿತು. ಸಿಕ್ಕವೋ, ಟ್ಯೂಬ್‌ಲೈಟ್ ಕೆಳಗೆ ಮಡಿಕೆ ಬಿಚ್ಚದೆ ಪೇರಿಸಿಟ್ಟವು. ಇಳಕಲ್ ಸೀರೆಯ ಸೆರಗನ್ನು ಒಳಗೇ ಮುಚ್ಚಿಟ್ಟು ಮಾರುವವರನ್ನು ನಾನು ನೋಡಿದ್ದು ಇದೇ ಮೊದಲು!

ಶುಭಾಶಯದ ಕಾರ್ಡು ಕಿರಾಣಿಯವರೂ ಹಾಕುತ್ತಾರೆ, ಪುಢಾರಿಗಳೂ ಹಾಕುತ್ತಾರೆ. ನಿನ್ನ ಹತ್ತಿರ ಇರುವುದು ಅವರ ಹತ್ತಿರ ಇಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದು ಸೀರೆಗೆ ಒಂದು ಹಾಸು ಹೂಡಲೇಬೇಕು. ಇಡೀ ಥಾನು ನೇಯ್ದು ಕತ್ತರಿಸಿ ಕೊಡುವ ಬಾಬತ್ತು ಇದಲ್ಲ. ಹತ್ತಿಯ ಮೈ ಮುಗಿದು ಕೆಂಪು ಸೆರಗು ಹುಟ್ಟುವ ಆ ಜಾಗವನ್ನು ಬಾಗಿಲ ಬಳಿ ಬೆಳಗಿನ ಬಿಸಿಲಿಗೆ ಹಿಡಿ, ಬೆರಳಿನಿಂದ ಕೊಂಡಿ ತೋರಿಸು. ನೇಕಾರರು ಒಪ್ಪಿದರೆ ಕುಣಿಮಗ್ಗದ ಮುಂದೆ ಕೂತು ಕೊಂಡಿ ಹಾಕುವುದನ್ನೇ ಅರ್ಧ ನಿಮಿಷ ಹಿಡಿದುಕೊಂಡು ಬಾ. ಹಿಂದೆ ಸಿನಿಮಾ ಹಾಡು ಬೇಡ, ಲಾಳಿಯ ಸದ್ದು ಇರಲಿ. ಕಸೂತಿ ಸೀರೆಯಾದರೆ ತಿರುವಿ ಹಾಕಿ ಹಿಂಬದಿ ತೋರಿಸು. ಗವಂತಿ ಹೊಲಿಗೆಗೆ ಗಂಟಿಲ್ಲ, ಎರಡೂ ಕಡೆ ಒಂದೇ ಚಿತ್ತಾರ. ಬಾಯಲ್ಲಿ ಎಷ್ಟು ವರ್ಣಿಸಿದರೂ ಅಷ್ಟು ನಂಬಿಕೆ ಬರುವುದಿಲ್ಲ.

ಇನ್ನು ದರದ ಮಾತು. ಪ್ರತಿ ಫೋಟೊದ ಕೆಳಗೆ ಯಾರೋ ‘ಪ್ರೈಸ್ ಪ್ಲೀಸ್’ ಅಂದಿದ್ದಾರೆ, ನೀನು ‘ಡಿಎಂ ಮಾಡಿ’ ಅಂದಿದ್ದೀಯ. ಎದುರಿಗೆ ಬಂದು ಕೇಳಿದವರಿಗೆ ‘ಹಿತ್ತಲಿಗೆ ಬಾ, ಹೇಳ್ತೀನಿ’ ಅನ್ನುತ್ತೀಯೇನು? ಪಕ್ಕದ ಅಂಗಡಿಯವನಿಗೆ ದರ ಗೊತ್ತಾಗುತ್ತದೆ ಅನ್ನುವ ಅಂಜಿಕೆ ನನಗೂ ತಿಳಿಯುತ್ತದೆ. ಆದರೆ ಅವನಿಗೆ ಆಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ದರದ ಜೊತೆಗೆ ಉದ್ದ ಎಷ್ಟು, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ, ಕೈಮಗ್ಗವೋ ಪವರ್‌ಲೂಮೋ ಬರೆದುಬಿಡು. ಪವರ್‌ಲೂಮ್ ಸೀರೆ ಮಾರುವುದು ತಪ್ಪಲ್ಲ, ದಿನಬಳಕೆಗೆ ಅದನ್ನೇ ಕೇಳುವವರಿದ್ದಾರೆ. ಅದರ ಮೇಲೆ ಕೈಮಗ್ಗ ಎಂದು ಬರೆದರೆ ಮಾತ್ರ ನಿನ್ನ ಅಪ್ಪ ಗಳಿಸಿದ ಹೆಸರು ಒಂದೇ ಮದುವೆ ಸೀಜನ್ನಿನಲ್ಲಿ ಹೋಗುತ್ತದೆ. ಕೈಮಗ್ಗದ ಸೀರೆಗೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಅದನ್ನೂ ಫೋಟೊದಲ್ಲಿ ತೋರಿಸು.

ಫಾಲೋವರ್‌ಗಳನ್ನು ದುಡ್ಡು ಕೊಟ್ಟು ತರಿಸುವ ಯೋಚನೆ ಬಿಟ್ಟುಬಿಡು. ಅವರು ಸೀರೆ ಉಡುವುದಿಲ್ಲ.

ಗೂಗಲ್‌ನಲ್ಲಿ ಒಬ್ಬರು ‘ಬಣ್ಣ ಬಿಟ್ಟಿತು’ ಎಂದು ಒಂದೇ ಚುಕ್ಕಿ ಕೊಟ್ಟಿದ್ದಾರೆ. ನೀನು ಸುಮ್ಮನಿದ್ದೀಯ. ಅಲ್ಲೇ, ಎಲ್ಲರಿಗೂ ಕಾಣುವ ಹಾಗೆ ಉತ್ತರ ಕೊಡು: ಯಾವ ಸೀರೆ ಎಂದು ಕೇಳು, ಬದಲಿಸಿ ಕೊಡುವುದಾದರೆ ಹೇಳು. ಮುಂದೆ ಆ ಚುಕ್ಕಿ ನೋಡಿದವರು ನಿನ್ನ ಉತ್ತರವನ್ನೂ ಓದುತ್ತಾರೆ. ಒಗೆಯುವ ಬಗೆಯನ್ನು ಕನ್ನಡದಲ್ಲಿ ಒಂದು ಚೀಟಿ ಮಾಡಿ ಪಾರ್ಸೆಲ್‌ನಲ್ಲಿ ಇಡುವುದಕ್ಕೆ ಎಷ್ಟು ಖರ್ಚಾದೀತು?

ಇನ್ನೊಂದು ಮಾತು, ಸ್ವಲ್ಪ ಕಹಿ. 2020ರ ಜೂನ್ ಕೊನೆಗೆ ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನೆಚ್ಚಿದವರ ವ್ಯಾಪಾರ ರಾತ್ರೋರಾತ್ರಿ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಗಂಟೆಗಟ್ಟಲೆ ಮಲಗಿದ್ದವು. ಆ ಜಾಗ ನಿನ್ನದಲ್ಲ, ಬಾಡಿಗೆಯನ್ನೂ ಕೇಳದ ಮಾಲೀಕನದು. ಹಾಗಾಗಿ ಕೊಂಡವರ ಹೆಸರು, ಫೋನ್ ನಂಬರು, ಯಾವ ದಡಿ ಇಷ್ಟಪಟ್ಟರು ಅನ್ನುವುದನ್ನು ಅವರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಡು. ಚಿಕ್ಕಿ ಪರಾಸ್ ದಡಿಯ ಸೀರೆ ಕೊಂಡವರಿಗೆ ಹೊಸ ಚಿಕ್ಕಿ ಪರಾಸ್ ಬಂದಾಗ ಮಾತ್ರ ಹೇಳಿ ಕಳಿಸು. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ನಾನೂ ಮಾಡಿದ್ದೇನೆ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಮಾರಿಹೋದ ಸೀರೆಗಳನ್ನು ಅಂದಂದೇ ತೆಗೆ.

ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನ. ಊರಿನ ಎಲ್ಲ ಅಂಗಡಿಯವರೂ ಒಂದೇ ತರಹದ ಪೋಸ್ಟರ್ ಹಾಕುತ್ತಾರೆ. ನೀನು ಅಂದು ಆ ಕೊಂಡಿಯ ವಿಡಿಯೊ ಹಾಕು, ಕೆಳಗೆ ನೇಯ್ದವರ ಹೆಸರು ಬರೆ, ಅವರನ್ನು ಕೇಳಿಕೊಂಡು.

ಅದಕ್ಕೂ ಮುಂಚೆ, ಈವತ್ತೇ, ಗೂಗಲ್ ಮ್ಯಾಪ್‌ನಲ್ಲಿರುವ ಹಳೆಯ ಲ್ಯಾಂಡ್‌ಲೈನ್ ನಂಬರು ಬದಲಿಸು. ನಾನು ಹಚ್ಚಿ ನೋಡಿದೆ, ಅದು ಚಾಲೂ ಇಲ್ಲ.

ಇಂತಿ,
ನಿನ್ನ ಕಾಕಾ