ಹಡಗಿನ ಕಂಬವೂ ಶಿಲುಬೆಯ ಮರವೂ

ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟಿತೆಂಬುದನ್ನು ಬಲ್ಲಿರಿ. ಆ ಕಾಲದಲ್ಲಿ ಗ್ರೀಕ್ ಓದು ಕಲಿಯುವ ಹುಡುಗರಿಗೆ ಮುಖ್ಯ ಪಾಠವಾಗಿದ್ದವು ಹೋಮರನೆಂಬ ಕವಿಯ ಇಲಿಯಡ್, ಒಡಿಸ್ಸಿ ಎಂಬ ಮಹಾಕಾವ್ಯಗಳು. ಅವುಗಳಲ್ಲಿ ದೇವತೆಗಳು ಜಗಳವಾಡುತ್ತಾರೆ, ವಂಚಿಸುತ್ತಾರೆ, ವ್ಯಭಿಚಾರ ಮಾಡುತ್ತಾರೆ. ಹಾಗಾದರೆ ಕ್ರೈಸ್ತರ ಮಕ್ಕಳು ಇಂಥ ಕಾವ್ಯವನ್ನು ಓದಬಹುದೋ? ಆದಿಸಭೆಯವರಿಗೆ ಇದು ಸುಲಭವಾದ ಪ್ರಶ್ನೆಯಾಗಿರಲಿಲ್ಲ.

ಕ್ರಿ.ಶ. 200ರ ಸುಮಾರಿಗೆ ಅಲೆಕ್ಸಾಂದ್ರಿಯದಲ್ಲಿ ಬೋಧಕನಾಗಿದ್ದ ಕ್ಲೆಮೆಂಟನು, ಗ್ರೀಕರನ್ನು ಕ್ರಿಸ್ತನ ಕಡೆಗೆ ಕರೆಯುವುದಕ್ಕಾಗಿ ಬರೆದ ಗ್ರಂಥದಲ್ಲಿ ಆ ದೇವತೆಗಳನ್ನು ಕಠಿಣವಾಗಿ ಖಂಡಿಸಿದನು. ಆದರೂ ಗ್ರಂಥದ ಕೊನೆಯಲ್ಲಿ ಒಡಿಸ್ಸಿಯ ಒಂದು ಕಥೆಯನ್ನೇ ಎತ್ತಿಕೊಂಡನು. ಸೈರೆನ್‌ಗಳೆಂಬ ಮಾಯಾವಿನಿಯರ ಹಾಡಿಗೆ ಮರುಳಾದ ನಾವಿಕರು ನಾಶವಾಗುತ್ತಿದ್ದರು. ಒಡಿಸ್ಸಿಯುಸನಾದರೋ ಜತೆಗಾರರ ಕಿವಿಗಳನ್ನು ಮೇಣದಿಂದ ಮುಚ್ಚಿ, ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡು, ಹಾಡನ್ನು ಕೇಳಿಯೂ ಜೀವದಿಂದ ದಾಟಿದನು. ಕ್ಲೆಮೆಂಟನು ಆ ಹಾಡಿನಲ್ಲಿ ಹಳೇ ದುರಭ್ಯಾಸದ ಸೆಳೆತವನ್ನೂ, ಕಂಬದಲ್ಲಿ ಶಿಲುಬೆಯನ್ನೂ ಕಂಡನು. ಆ ಮರಕ್ಕೆ ಕಟ್ಟಲ್ಪಟ್ಟವನು ನಾಶದಿಂದ ಬಿಡುಗಡೆಯಾಗುವನು. ದೇವರ ವಾಕ್ಯವೇ ಅವನ ಹಡಗನ್ನು ನಡಿಸುವುದು. ಪವಿತ್ರಾತ್ಮನು ಅವನನ್ನು ಪರಲೋಕದ ರೇವಿಗೆ ಸೇರಿಸುವನು. ಅಪೊಸ್ತಲರ ಕೃತ್ಯಗಳು 5:30ರಲ್ಲಿಯೂ ಶಿಲುಬೆಗೆ ಮರವೆಂಬ ಮಾತೇ ಇರುವುದನ್ನು ನೋಡಿರಿ.

362ರಲ್ಲಿ ಪ್ರಶ್ನೆಯು ತಿರುಗಿ ನಿಂತಿತು. ಕ್ರಿಸ್ತಮತವನ್ನು ಬಿಟ್ಟು ಹಳೇ ದೇವತೆಗಳ ಕಡೆಗೆ ಹೋಗಿದ್ದ ಚಕ್ರವರ್ತಿ ಜೂಲಿಯನನು, ಹೋಮರನ ದೇವತೆಗಳನ್ನು ನಂಬದವರು ಹೋಮರನನ್ನು ಕಲಿಸಕೂಡದೆಂದು ಕ್ರೈಸ್ತ ಉಪಾಧ್ಯಾಯರನ್ನು ತಡೆದನು. ನಂಬದ್ದನ್ನು ಕಲಿಸುವುದು ಕಪಟವೆಂಬುದು ಅವನ ವಾದ. ಅದು ತೀರಾ ಹುರುಳಿಲ್ಲದ ವಾದವೇನೂ ಅಲ್ಲ. ಅಥೇನೆಯ ಪ್ರಸಿದ್ಧ ಗುರುವಾದ ಪ್ರೊಹೈರೇಸಿಯುಸನಿಗೆ ಮಾತ್ರ ವಿನಾಯಿತಿ ದೊರೆತರೂ ಅವನು ಅದನ್ನೊಲ್ಲದೆ ಕೆಲಸವನ್ನು ಬಿಟ್ಟನು. ಸಿರಿಯದ ಲವೊದಿಕೀಯದಲ್ಲಿದ್ದ (ಪ್ರಕಟನೆಯಲ್ಲಿ ಹೇಳಿರುವ ಊರು ಬೇರೆ) ಅಪೊಲ್ಲಿನಾರಿಸರೆಂಬ ತಂದೆಮಕ್ಕಳು ಮತ್ತೊಂದು ದಾರಿಯನ್ನು ಹಿಡಿದು, ಹಳೇ ಒಡಂಬಡಿಕೆಯ ಚರಿತ್ರೆಗಳನ್ನು ಹೋಮರನ ಛಂದಸ್ಸಿನಲ್ಲಿ ಪದ್ಯವಾಗಿ ಬರೆದರು. ಎಷ್ಟು ಶ್ರಮ! ಆದರೆ 363ರಲ್ಲಿ ಜೂಲಿಯನನು ಯುದ್ಧದಲ್ಲಿ ಸತ್ತನು, ಕಟ್ಟಳೆಯು ಬಿದ್ದುಹೋಯಿತು, ಹುಡುಗರು ಹೋಮರನ ಬಳಿಗೇ ಹಿಂತಿರುಗಿದರು. ಮುಂದಿನ ಶತಮಾನದಲ್ಲಿ ಸಭೆಯ ಚರಿತ್ರೆಯನ್ನು ಬರೆದ ಸಾಕ್ರಟೀಸನೆಂಬವನು, ಆ ಪದ್ಯಗಳು ಬರೆಯದೆ ಇದ್ದ ಹಾಗೆಯೇ ಆದವೆಂದು ಹೇಳಿದ್ದಾನೆ. ಅವು ನಮ್ಮ ಕಾಲಕ್ಕೆ ಉಳಿದಿಲ್ಲ.

ಕ್ಲೆಮೆಂಟನು ಎತ್ತಿಕೊಂಡ ಕಂಬವಾದರೋ ಉಳಿಯಿತು. 5ನೆಯ ಶತಮಾನದ ಆರಂಭದಲ್ಲಿ ಇಟಲಿಯ ತುರಿನ್ ಪಟ್ಟಣದ ಬಿಷಪನಾಗಿದ್ದ ಮ್ಯಾಕ್ಸಿಮುಸನು ಅದನ್ನೇ ತನ್ನ ಪ್ರಸಂಗದಲ್ಲಿ ಸಭೆಯ ಜನರಿಗೆ ಬಿಡಿಸಿ ಹೇಳಿದನು.